ವಿದೇಶೀ ಅಂಗಡಿಯ ಬೆಲೆಯೂ ಮನೆಬಾಗಿಲಿನ ಸುಂಕವೂ

“ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ” ಎಂಬ ಗಾದೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ದಾರಿಹೋಕನ ಕಷ್ಟಸುಖ ಬೇಕಿಲ್ಲ, ಸಲ್ಲಬೇಕಾದ ಹಣ ಸಂದರೆ ಸಾಕು ಎಂಬುದು ಅದರ ತಾತ್ಪರ್ಯ. ಆದರೂ ಹಿಂದಿನ ಆ ಕಟ್ಟೆ ಹೆದ್ದಾರಿಯ ಬದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇರುತ್ತಿತ್ತು. ಹೇರೆತ್ತುಗಳನ್ನು ಹೊಡೆದುಕೊಂಡು ಹೊರಟ ವರ್ತಕನಿಗೆ ತಾನು ಎಲ್ಲಿ ನಿಲ್ಲಬೇಕು, ಯಾವ ಹೇರಿಗೆ ಏನು ತೆರಬೇಕು ಎಂಬುದು ಊರು ಬಿಡುವ ಮೊದಲೇ ತಿಳಿದಿರುತ್ತಿತ್ತು. ಈಗಲಾದರೋ ಸುಂಕದ ಕಟ್ಟೆ ಗೃಹಸ್ಥನ ಹೊಸ್ತಿಲಿಗೇ ಬಂದು ನಿಂತಿದೆ. ಬರುವುದು ಮಾತ್ರ ಅವನು ಬೆಲೆಯನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ. ಈ ಅವ್ಯವಸ್ಥೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಇಂದು ನಮ್ಮ ಉದ್ದೇಶ.

ಅಂತರ್ಜಾಲದ ಮೂಲಕ ಪರದೇಶದ ಅಂಗಡಿಯಿಂದ ಸರಕು ತರಿಸುವುದು ಈಗ ಧನಿಕರ ವಿಲಾಸವಾಗಿ ಮಾತ್ರ ಉಳಿದಿಲ್ಲ. ಪಿಟೀಲಿನ ತಂತಿ, ಕ್ಯಾಮೆರಾದ ಬಿಡಿಭಾಗ, ಬರೆಯುವ ಲೇಖನಿ, ವಿದ್ಯಾರ್ಥಿಗೆ ಬೇಕಾದ ಸಣ್ಣ ಉಪಕರಣ, ನಮ್ಮ ಪೇಟೆಯಲ್ಲಿ ಸಿಕ್ಕದ ಇಂತಹ ನೂರಾರು ಪದಾರ್ಥಗಳನ್ನು ಜಿಲ್ಲಾ ಪಟ್ಟಣಗಳ ಉಪಾಧ್ಯಾಯರೂ ಗುಮಾಸ್ತರೂ ಮೊಬೈಲ್ ಫೋನಿನಿಂದಲೇ ತರಿಸಿಕೊಳ್ಳುತ್ತಾರೆ. ಅಂಗಡಿಯವನು ತೋರಿಸಿದ ಬೆಲೆಯನ್ನು ನೋಡಿ, ಅದು ತಮ್ಮ ಶಕ್ತಿಗೆ ಮೀರಿದುದಲ್ಲವೆಂದು ನಿಶ್ಚಯಿಸಿ ಹಣ ಕಟ್ಟುತ್ತಾರೆ. ಕೆಲವು ದಿನಗಳ ತರುವಾಯ ಕೊರಿಯರ್ ಸಂಸ್ಥೆಯಿಂದಲೋ ಅಂಚೆಯಿಂದಲೋ ಸುದ್ದಿ ಬರುತ್ತದೆ: ಇಷ್ಟು ಸುಂಕ ಬಾಕಿ ಇದೆ, ಗುರುತಿನ ಪತ್ರವನ್ನು ಕಳುಹಿಸಿ, ಹಣವನ್ನು ಸಲ್ಲಿಸಿದ ಮೇಲೆ ಪಾರ್ಸೆಲನ್ನು ಕೊಡಲಾಗುವುದು. ಆಗ ಆ ಗೃಹಸ್ಥನ ಮುಂದೆ ಇರುವ ದಾರಿ ಎರಡೇ. ಕೇಳಿದಷ್ಟು ಹಣ ಕೊಡಬೇಕು. ಇಲ್ಲವೇ, ಕೊಟ್ಟ ಹಣದ ಆಸೆಯನ್ನು ಬಿಟ್ಟು ಪಾರ್ಸೆಲನ್ನು ನಿರಾಕರಿಸಬೇಕು. ಕೊಂಡುಕೊಳ್ಳುವುದೋ ಬೇಡವೋ ಎಂದು ವಿಚಾರಮಾಡುವ ಸ್ವಾತಂತ್ರ್ಯ ಯಾವಾಗ ಬೇಕಾಗಿತ್ತೋ ಆಗ ಅವನಿಗೆ ಪೂರ್ತಿ ಬೆಲೆ ತಿಳಿದಿರಲಿಲ್ಲ. ಪೂರ್ತಿ ಬೆಲೆ ತಿಳಿದಾಗ ಆ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ.

ನಮ್ಮ ಮಾತನ್ನು ಯಾರೂ ತಪ್ಪಾಗಿ ತಿಳಿಯಬಾರದು. ಆಮದು ಸುಂಕವನ್ನು ನಾವು ವಿರೋಧಿಸುವವರಲ್ಲ. ಪರರ ಆಳ್ವಿಕೆಯಲ್ಲಿ ನಮ್ಮ ಸುಂಕದ ನೀತಿ ಯಾರ ಹಿತಕ್ಕಾಗಿ ನಡೆಯುತ್ತಿತ್ತೆಂಬುದನ್ನು ದೇಶ ಮರೆತಿಲ್ಲ. ೧೮೯೬ರಲ್ಲಿ ವಿಲಾಯಿತಿ ಬಟ್ಟೆಯ ಮೇಲಿನ ಸುಂಕವನ್ನು ಶೇಕಡ ೫ರಿಂದ ಮೂರೂವರೆಗೆ ಇಳಿಸಿ, ಅಷ್ಟೇ ಸುಂಕವನ್ನು ನಮ್ಮ ಗಿರಣಿಗಳ ಬಟ್ಟೆಯ ಮೇಲೆಯೂ ಹೇರಿದರು. ಲ್ಯಾಂಕಾಶೈರಿನ ಮಗ್ಗಗಳ ಹಿತವನ್ನು ಕಾಯುವುದಕ್ಕಾಗಿ ಹೇರಿದ ಆ ಅನ್ಯಾಯದ ತೆರಿಗೆ ರದ್ದಾದುದು ೧೯೨೬ರಲ್ಲಿ. ಈಗ ಸುಂಕದ ದರವನ್ನು ಗೊತ್ತುಮಾಡುವುದು ನಮ್ಮ ಪಾರ್ಲಿಮೆಂಟು; ಬೊಕ್ಕಸಕ್ಕೆ ಬೀಳುವ ಹಣ ನಮ್ಮದೇ. ಆದಕಾರಣ ನ್ಯಾಯವಾಗಿ ಸಲ್ಲಬೇಕಾದ ಸುಂಕವನ್ನು ತೆರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ. ಆದರೆ ಕರ್ತವ್ಯವನ್ನು ನೆರವೇರಿಸಬೇಕಾದವನಿಗೆ ಅದು ಏನೆಂಬುದನ್ನು ಮೊದಲು ತಿಳಿಸಬೇಕಾದುದು ಧರ್ಮ. ಮುಂಚೆ ತಿಳಿಸಿ ಕೇಳಿದರೆ ಅದು ತೆರಿಗೆ. ಸರಕನ್ನು ಹಿಡಿದಿಟ್ಟುಕೊಂಡು ಕೇಳಿದರೆ ಜನರ ಕಣ್ಣಿಗೆ ಅದು ದಂಡವಾಗಿ ಕಾಣುತ್ತದೆ.

ಸುಂಕದ ಲೆಕ್ಕವಾದರೂ ಸಾಮಾನ್ಯ ಗೃಹಸ್ಥನು ಬೆರಳೆಣಿಸಿ ಮಾಡಬಹುದಾದಷ್ಟು ಸರಳವೇ ಎಂದರೆ, ಅದೂ ಅಲ್ಲ. ಅಂಗಡಿಯವನ ಬೆಲೆಯೊಂದರ ಮೇಲೆಯೇ ಸುಂಕ ಬೀಳುತ್ತದೆಂದು ಬಹು ಜನರ ಭಾವನೆ. ವಾಸ್ತವವಾಗಿ ಸರಕಿನ ಬೆಲೆಗೆ ಸಾಗಣೆಯ ವೆಚ್ಚವನ್ನೂ ವಿಮೆಯನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಮೂಲ ಸುಂಕ ಬೀಳುತ್ತದೆ. ವಿಮೆ ಎಷ್ಟೆಂದು ತಿಳಿಯದಿದ್ದರೆ ಬೆಲೆಯ ಶೇಕಡ ೧.೧೨೫ ಎಂದೂ, ಸಾಗಣೆ ಎಷ್ಟೆಂದು ತಿಳಿಯದಿದ್ದರೆ ಶೇಕಡ ೨೦ ಎಂದೂ ಹಿಡಿಯಬೇಕೆಂದು ೨೦೦೭ರ ಮೌಲ್ಯಮಾಪನ ನಿಯಮಗಳು ಹೇಳುತ್ತವೆ. ಮೂಲ ಸುಂಕದ ಮೇಲೆ ಅದರ ಹತ್ತರಲ್ಲೊಂದು ಪಾಲು ಸಮಾಜ ಕಲ್ಯಾಣ ಮೇಲ್ತೆರಿಗೆ. ಇದು ೨೦೧೮ರಲ್ಲಿ ಬಂದದ್ದು. ಇವೆಲ್ಲವನ್ನೂ ಕೂಡಿದ ಮೊತ್ತದ ಮೇಲೆ ಮತ್ತೆ ಸಮಗ್ರ ಸರಕು ಮತ್ತು ಸೇವಾ ತೆರಿಗೆ, ಎಂದರೆ ಐ.ಜಿ.ಎಸ್.ಟಿ. ಹೀಗೆ ತೆರಿಗೆಯ ಮೇಲೆ ತೆರಿಗೆ ಏರುತ್ತ ಹೋಗುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಲೇಖನಿಯೊಂದರ ಬೆಲೆ ೫,೦೦೦ ರೂಪಾಯಿ, ಸಾಗಣೆಗೆ ೧,೦೦೦ ರೂಪಾಯಿ. ಮೂಲ ಸುಂಕ ಶೇಕಡ ೧೦, ಐ.ಜಿ.ಎಸ್.ಟಿ. ಶೇಕಡ ೧೮ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಸರಳತೆಗಾಗಿ ವಿಮೆಯನ್ನು ಬಿಡೋಣ. ಹತ್ತು ಮತ್ತು ಹದಿನೆಂಟು ಕೂಡಿ ಇಪ್ಪತ್ತೆಂಟು, ಐದು ಸಾವಿರಕ್ಕೆ ೧,೪೦೦ ರೂಪಾಯಿ ಎಂದು ಕೊಳ್ಳುವವನು ಎಣಿಸುತ್ತಾನೆ. ಇಲಾಖೆಯ ಲೆಕ್ಕ ಬೇರೆ. ೬,೦೦೦ ರೂಪಾಯಿಗೆ ಮೂಲ ಸುಂಕ ೬೦೦. ಅದರ ಮೇಲ್ತೆರಿಗೆ ೬೦. ಒಟ್ಟು ೬,೬೬೦ ರೂಪಾಯಿಗೆ ಐ.ಜಿ.ಎಸ್.ಟಿ. ೧,೧೯೮ ರೂಪಾಯಿ ೮೦ ಪೈಸೆ. ಅಂತೂ ಸಲ್ಲಬೇಕಾದುದು ೧,೮೫೮ ರೂಪಾಯಿ ೮೦ ಪೈಸೆ. ಐದು ಸಾವಿರವೆಂದು ಕಂಡ ಲೇಖನಿ ಕೈಗೆ ಬರುವಾಗ ೭,೮೫೮ ರೂಪಾಯಿ ೮೦ ಪೈಸೆ ಆಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲವೂ ಕಾನೂನಿನಂತೆಯೇ ಇದೆ. ಆದರೆ ಕಾನೂನಿನಂತೆ ನಡೆದ ಲೆಕ್ಕವೂ ಕೊಳ್ಳುವವನಿಗೆ ಮೋಸದಂತೆ ತೋರಿದರೆ ದೋಷ ಎಲ್ಲಿದೆ ಎಂಬುದನ್ನು ಅಧಿಕಾರಿಗಳು ವಿಚಾರಮಾಡಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಸುಂಕವನ್ನು ಗಿರಾಕಿಯ ಪರವಾಗಿ ಮುಂಗಡ ಸಲ್ಲಿಸಿದ್ದಕ್ಕೆ ಕೊರಿಯರ್ ಸಂಸ್ಥೆಗಳು ತಮ್ಮದೊಂದು ಶುಲ್ಕವನ್ನು ಹಾಕುತ್ತವೆ. ಆ ಶುಲ್ಕದ ಮೇಲೆ ಮತ್ತೆ ಸರಕು ಮತ್ತು ಸೇವಾ ತೆರಿಗೆ. ಬೆಲೆಯನ್ನು ಡಾಲರು ಪೌಂಡುಗಳಲ್ಲಿ ಕಟ್ಟಿದಾಗ ಬ್ಯಾಂಕು ತನ್ನ ದರದಲ್ಲಿ ರೂಪಾಯಿಗೆ ತಿರುಗಿಸಿ, ಪರದೇಶದ ವ್ಯವಹಾರವೆಂದು ಬೇರೆ ಶುಲ್ಕವನ್ನು ಸೇರಿಸುವುದುಂಟು. ಸುಂಕದ ಇಲಾಖೆ ಹಿಡಿಯುವುದು ತಾನು ಪ್ರಕಟಿಸಿದ ವಿನಿಮಯ ದರವನ್ನು. ಒಂದೇ ಸರಕಿಗೆ ಎರಡು ವಿನಿಮಯ ದರ, ಮೂರು ಬಗೆಯ ಸುಂಕ, ಎರಡು ಬಗೆಯ ಶುಲ್ಕ. ಸರಕು ಹಿಡಿಸದೆ ಹಿಂದಿರುಗಿಸಿದರೆ ಮಾರಿದವನು ತನ್ನ ಬೆಲೆಯನ್ನು ಮರಳಿಸಿಯಾನು. ಬೊಕ್ಕಸಕ್ಕೆ ಸಂದ ಸುಂಕವನ್ನು ಆತ ಮರಳಿಸುವವನಲ್ಲ.

ಸುಂಕವನ್ನು ತಪ್ಪಿಸಿಕೊಡುತ್ತೇವೆಂದು ಆಸೆ ತೋರಿಸುವ ಮಾರಾಟಗಾರರ ಬಗೆಗೂ ಎಚ್ಚರಿಕೆಯ ಮಾತೊಂದನ್ನು ಹೇಳಬೇಕು. ಪಾರ್ಸೆಲಿನ ಮೇಲೆ “ಉಡುಗೊರೆ” ಎಂದು ಬರೆದೋ, ನಿಜವಾದ ಬೆಲೆಗಿಂತ ಕಡಿಮೆ ಬೆಲೆಯನ್ನು ನಮೂದಿಸಿಯೋ ಕಳುಹಿಸುವ ಪದ್ಧತಿ ಬಹು ದಿನ ನಡೆಯಿತು. ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ತರಿಸುವುದನ್ನು ಕೇಂದ್ರ ಸರ್ಕಾರ ೨೦೧೯ರ ಡಿಸೆಂಬರ್ ೧೨ರ ಪ್ರಕಟಣೆಯಿಂದ ನಿಷೇಧಿಸಿತು; ಪ್ರಾಣರಕ್ಷಕ ಔಷಧಗಳಿಗೂ ರಾಖಿಗೂ ಮಾತ್ರ ವಿನಾಯಿತಿ ಉಳಿಯಿತು. ಸುಳ್ಳು ಬೆಲೆ ನಮೂದಾದರೆ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ೧೯೬೨ರ ಸುಂಕದ ಕಾಯಿದೆಯಲ್ಲಿ ಇಲಾಖೆಗೆ ಇದೆ. ಸುಳ್ಳು ಬರೆದವನು ಸಮುದ್ರದಾಚೆ ಸುಖವಾಗಿರುತ್ತಾನೆ. ಉತ್ತರ ಹೇಳಬೇಕಾದವನು ಸರಕು ತರಿಸಿದ ನಮ್ಮವನು.

ಹಾಗಾದರೆ ಪೂರ್ತಿ ಬೆಲೆಯನ್ನು ತಿಳಿಸಬೇಕೆಂಬ ನಿಯಮವೇ ನಮ್ಮಲ್ಲಿಲ್ಲವೇ? ಇದೆ, ಅದೂ ಸ್ಪಷ್ಟವಾಗಿಯೇ ಇದೆ. ೨೦೨೦ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಅಂತರ್ಜಾಲದ ಪೇಟೆಯಲ್ಲಿ ಮಾರುವವನು ಒಟ್ಟು ಬೆಲೆಯನ್ನು ಒಂದೇ ಅಂಕೆಯಲ್ಲಿ ತೋರಿಸಬೇಕು. ಅದರೊಡನೆ ಸಾಗಣೆ, ಅಂಚೆ, ತೆರಿಗೆ ಮುಂತಾದವುಗಳ ವಿವರವನ್ನೂ ಕೊಡಬೇಕು. ಭಾರತದಲ್ಲಿ ಸ್ಥಾಪಿತವಾಗದಿದ್ದರೂ ಇಲ್ಲಿಯ ಜನರಿಗೆ ಕ್ರಮವಾಗಿ ಸರಕು ಮಾರುವ ಪರದೇಶದ ಸಂಸ್ಥೆಗಳಿಗೂ ಆ ನಿಯಮಗಳು ಅನ್ವಯಿಸುತ್ತವೆ. ಮೊದಲು ಕಡಿಮೆ ಬೆಲೆ ತೋರಿಸಿ, ಹೋಗುತ್ತ ಹೋಗುತ್ತ ಹನಿಹನಿಯಾಗಿ ಏರಿಸುವ ಉಪಾಯವನ್ನು ೨೦೨೩ರ ನವೆಂಬರ್ ೩೦ರ ಮಾರ್ಗಸೂಚಿಗಳು ಗಿರಾಕಿಯನ್ನು ದಾರಿತಪ್ಪಿಸುವ ಹದಿಮೂರು ಬಗೆಯ ಕುತಂತ್ರಗಳಲ್ಲಿ ಒಂದೆಂದು ಹೆಸರಿಸಿವೆ. ನಿಯಮ ಇದೆ, ಹೆಸರೂ ಇದೆ. ಇಲ್ಲದಿರುವುದು ಅದನ್ನು ಸಮುದ್ರದಾಚೆಯ ಅಂಗಡಿಯವನಿಗೆ ಮುಟ್ಟಿಸುವ ಕೈ.

ಇದರಿಂದ ಕೊಳ್ಳುವವನಿಗೆ ಮಾತ್ರವೇ ನಷ್ಟವೆಂದು ತಿಳಿಯಬೇಡಿ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ ಅಂಗಡಿಯಿಟ್ಟ ನಮ್ಮ ವರ್ತಕನು ಪೊಟ್ಟಣ ಕಟ್ಟಿದ ಸರಕಿನ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನು ಅಚ್ಚುಹಾಕಿಸಲೇಬೇಕು. ಆಮದಾದ ಸರಕಾದರೆ ಆಮದು ಮಾಡಿದವನ ಹೆಸರೂ ವಿಳಾಸವೂ ಅದರ ಮೇಲೆ ಇರಬೇಕು. ತಪ್ಪಿದರೆ ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರು ಬಂದು ನಿಲ್ಲುತ್ತಾನೆ. ಪರದೇಶದ ಅಂಗಡಿಯವನಾದರೋ ಸುಂಕವಿಲ್ಲದ ಬರಿಯ ಬೆಲೆಯನ್ನು ತೋರಿಸುತ್ತಾನೆ. ಗಿರಾಕಿಯು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ಹೊರಗಿನವನು ಐದು ಸಾವಿರಕ್ಕೆ ಕೊಡುವುದನ್ನು ನಮ್ಮವನು ಏಳೂವರೆ ಸಾವಿರಕ್ಕೆ ಮಾರುತ್ತಾನೆ, ಇವನು ಸುಲಿಗೆಕೋರ ಎಂದು ತೀರ್ಮಾನಿಸುತ್ತಾನೆ. ಮೇಲೆ ಹೇಳಿದ ಲೆಕ್ಕದಲ್ಲಿ ನಮ್ಮವನ ಬೆಲೆಯೇ ಕಡಿಮೆ! ಪೂರ್ಣ ಸತ್ಯವನ್ನು ಹೇಳುವವನು ಕಳ್ಳನೆನಿಸುತ್ತಾನೆ. ಅರ್ಧ ಹೇಳಿದವನು ಸಾಧುವೆನಿಸುತ್ತಾನೆ. ಸ್ವದೇಶೀ ವ್ಯಾಪಾರವನ್ನು ರಕ್ಷಿಸುವುದಕ್ಕೆಂದೇ ಆಮದು ಸುಂಕ ಎಂದು ಹೇಳುತ್ತೇವೆ. ಆ ಸುಂಕ ಕೊಳ್ಳುವ ಗಳಿಗೆಯಲ್ಲಿ ಕಣ್ಣಿಗೇ ಬೀಳದಿದ್ದರೆ ಅದು ಯಾರನ್ನು ರಕ್ಷಿಸೀತು? ಬೊಕ್ಕಸ ತುಂಬಬಹುದು, ವರ್ತಕನ ಗಿರಾಕಿ ಮಾತ್ರ ಅಷ್ಟರಲ್ಲಿ ಕೈತಪ್ಪಿ ಹೋಗಿರುತ್ತಾನೆ.

ಬೆಲೆಯನ್ನು ಬಯಲಿನಲ್ಲಿ ಹೇಳಿದ ಮೇಲೆಯೇ ಸುಂಕ ಎತ್ತಬೇಕೆಂಬುದು ನಮ್ಮವರಿಗೆ ಹೊಸ ತತ್ತ್ವವೇನಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳಿದೆ. ಸುಂಕದ ಧ್ವಜದ ಬುಡದಲ್ಲಿ ಸರಕನ್ನು ಇಳಿಸಿ, ಅದರ ಪ್ರಮಾಣವನ್ನೂ ಬೆಲೆಯನ್ನೂ ವರ್ತಕನು ಮೂರು ಸಲ ಕೂಗಿ ಹೇಳಬೇಕೆಂಬುದು ಅಲ್ಲಿಯ ವಿಧಿ. ಹೊರಗಿನಿಂದ ಬಂದ ಸರಕಿಗೆ ಸಾಮಾನ್ಯವಾಗಿ ಐದರಲ್ಲೊಂದು ಪಾಲು ಸುಂಕವೆಂದೂ ಅಲ್ಲಿದೆ. ನಮ್ಮ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ; ಕಲ್ಲಿನಲ್ಲಿ ಕಡೆದು ಊರ ಮುಂದೆ ನಿಲ್ಲಿಸಿದುದನ್ನು ಓದಬಲ್ಲವರೆಲ್ಲ ಓದಬಹುದಾಗಿತ್ತು. ಕಲ್ಲಿನಲ್ಲಿ ಕೊರೆದು ತಿಳಿಸಲು ಸಾಧ್ಯವಾದುದು ಕಣ್ಣುಮಿಟುಕಿಸುವಷ್ಟರಲ್ಲಿ ಲೆಕ್ಕ ಮಾಡಬಲ್ಲ ಯಂತ್ರಗಳ ಕಾಲದಲ್ಲಿ ಅಸಾಧ್ಯವೆಂದರೆ ಯಾರು ನಂಬುವರು?

ಅಸಾಧ್ಯವಲ್ಲವೆಂಬುದಕ್ಕೆ ಹೊರದೇಶಗಳಲ್ಲಿಯೂ ನಿದರ್ಶನಗಳಿವೆ. ಆಸ್ಟ್ರೇಲಿಯವು ೨೦೧೮ರ ಜುಲೈ ೧ರಿಂದ, ಒಂದು ಸಾವಿರ ಆಸ್ಟ್ರೇಲಿಯನ್ ಡಾಲರು ಬೆಲೆಯವರೆಗಿನ ಸರಕಿಗೆ ಶೇಕಡ ೧೦ರ ತೆರಿಗೆಯನ್ನು ಪರದೇಶದ ಮಾರಾಟಗಾರನೇ ಬೆಲೆಯೊಡನೆ ವಸೂಲುಮಾಡಿ ಸಲ್ಲಿಸಬೇಕೆಂದು ವಿಧಿಸಿತು. ವರ್ಷಕ್ಕೆ ೭೫,೦೦೦ ಡಾಲರಿಗಿಂತ ಕಡಿಮೆ ಮಾರುವ ಸಣ್ಣವರನ್ನು ಬಿಟ್ಟುಕೊಟ್ಟಿತು. ನ್ಯೂಜೀಲೆಂಡು ೨೦೧೯ರ ಡಿಸೆಂಬರಿನಲ್ಲಿ ಅದೇ ದಾರಿ ಹಿಡಿಯಿತು. ಬ್ರಿಟನ್ನು ೨೦೨೧ರ ಜನವರಿ ೧ರಿಂದ ೧೩೫ ಪೌಂಡಿನವರೆಗಿನ ಸರಕಿಗೂ, ಐರೋಪ್ಯ ಒಕ್ಕೂಟವು ಅದೇ ವರ್ಷದ ಜುಲೈ ೧ರಿಂದ ೧೫೦ ಯೂರೋವರೆಗಿನ ಸರಕಿಗೂ ಮೌಲ್ಯವರ್ಧಿತ ತೆರಿಗೆಯನ್ನು ಮಾರಾಟದ ವೇಳೆಯಲ್ಲಿಯೇ ತೆಗೆದುಕೊಳ್ಳುವ ಏರ್ಪಾಡು ಮಾಡಿದವು. ಸಿಂಗಪುರವು ೨೦೨೩ರ ಜನವರಿಯಲ್ಲಿ ಅವರನ್ನು ಅನುಸರಿಸಿತು. ಈ ದೇಶಗಳು ತೆರಿಗೆಯನ್ನು ಬಿಟ್ಟುಕೊಟ್ಟಿಲ್ಲ. ಅನೇಕ ಕಡೆ ಹಿಂದೆ ಇದ್ದ ವಿನಾಯಿತಿಯನ್ನು ಕಿತ್ತುಹಾಕಿವೆ. ಆದರೆ ತೆರಿಗೆ ಕೇಳುವ ಜಾಗವನ್ನು ಮನೆಯ ಬಾಗಿಲಿನಿಂದ ಅಂಗಡಿಯ ಗಲ್ಲಕ್ಕೆ ಬದಲಾಯಿಸಿವೆ.

ಬದಲಾಯಿಸದೆ ಹೋದರೆ ಏನಾಗುತ್ತದೆಂಬುದನ್ನು ನಮ್ಮ ಕುಶಲಕರ್ಮಿಗಳೇ ಅನುಭವಿಸಿದ್ದಾರೆ. ಅಮೆರಿಕದಲ್ಲಿ ೨೦೧೬ರಿಂದ ೮೦೦ ಡಾಲರಿನವರೆಗಿನ ಪಾರ್ಸೆಲಿಗೆ ಸುಂಕವಿರಲಿಲ್ಲ. ಅದನ್ನು ನಂಬಿಕೊಂಡು ಚನ್ನಪಟ್ಟಣದ ಗೊಂಬೆ, ಬಿದರಿಯ ಪಾತ್ರೆ, ಇಳಕಲ್ಲಿನ ಸೀರೆಗಳಂತಹ ಸರಕನ್ನು ಅಲ್ಲಿಯ ಗಿರಾಕಿಗಳ ಮನೆಗೆ ನೇರವಾಗಿ ಕಳುಹಿಸಲು ನಮ್ಮ ಸಣ್ಣ ವರ್ತಕರಿಗೆ ಅನುಕೂಲವಾಗಿತ್ತು. ೨೦೨೫ರ ಆಗಸ್ಟ್ ೨೯ರಂದು ಎಲ್ಲ ದೇಶಗಳ ಪಾಲಿಗೂ ಆ ವಿನಾಯಿತಿ ನಿಂತಿತು. ಸುಂಕವನ್ನು ಯಾರು, ಎಲ್ಲಿ, ಹೇಗೆ ವಸೂಲುಮಾಡಬೇಕೆಂಬುದು ಸ್ಪಷ್ಟವಾಗದೆ ನಮ್ಮ ಅಂಚೆ ಇಲಾಖೆಯು ಅದಕ್ಕೆ ಕೆಲವು ದಿನ ಮುಂಚೆಯೇ, ಆಗಸ್ಟ್ ೨೫ರಿಂದ, ಅಮೆರಿಕಕ್ಕೆ ಹೋಗುವ ಬಹುತರ ಪಾರ್ಸೆಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಯಿತು. ಅಕ್ಟೋಬರ್ ೧೫ರಂದು ಸೇವೆ ಮತ್ತೆ ಆರಂಭವಾದುದು, ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟಿಸಿಕೊಂಡು ಕಳುಹಿಸುವ ಏರ್ಪಾಡಿನಿಂದ. ಸುಂಕದ ಭಾರ ಉಳಿದರೂ, ಎಷ್ಟೆಂಬುದು ಮೊದಲೇ ತಿಳಿದ ಮೇಲೆ ವ್ಯಾಪಾರ ಮುಂದೆ ಸಾಗಿತು. ಅಮೆರಿಕದ ಗಿರಾಕಿಗಾಗಿ ನಮ್ಮ ಅಂಚೆ ಇಲಾಖೆ ಮಾಡಬಲ್ಲ ಉಪಕಾರವನ್ನು ನಮ್ಮ ಗಿರಾಕಿಗಾಗಿ ನಮ್ಮ ಸರ್ಕಾರ ಮಾಡಿಸಲಾರದೇ?

ಆದಕಾರಣ ನಾವು ಸರ್ಕಾರದ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಭಾರತಕ್ಕೆ ಕ್ರಮವಾಗಿ ಸರಕು ಮಾರುವ ದೊಡ್ಡ ವಿದೇಶೀ ಅಂಗಡಿಗಳು ಸುಂಕವೂ ತೆರಿಗೆಯೂ ಸೇರಿದ ಬೆಲೆಯನ್ನು ರೂಪಾಯಿಗಳಲ್ಲಿ ತೋರಿಸಿ, ಅದನ್ನು ತಾವೇ ವಸೂಲುಮಾಡಿ ಸಲ್ಲಿಸುವಂತೆ ೨೦೨೦ರ ನಿಯಮಗಳನ್ನು ಸುಂಕದ ಕಾಯಿದೆಯೊಡನೆ ಜೋಡಿಸಬೇಕು. ಎರಡನೆಯದಾಗಿ, ಸ್ವಂತ ಉಪಯೋಗಕ್ಕೆ ತರಿಸುವ ಸರಕಿನ ಸುಂಕವನ್ನು ಯಾವ ಗೃಹಸ್ಥನೂ ಮನೆಯಲ್ಲಿ ಕುಳಿತು ಲೆಕ್ಕಹಾಕಿಕೊಳ್ಳುವಂತೆ, ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಸರಳವಾದ ಲೆಕ್ಕಪಟ್ಟಿಯನ್ನು ಇಲಾಖೆಯು ಪ್ರಕಟಿಸಬೇಕು. ಮೂರನೆಯದಾಗಿ, ಕೊರಿಯರ್ ಸಂಸ್ಥೆಗಳು ಸುಂಕ ಎಷ್ಟು, ತಮ್ಮ ಶುಲ್ಕ ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆದ ರಸೀತಿಯನ್ನು ಕೊಡದೆ ಒಂದು ಕಾಸನ್ನೂ ಕೇಳಕೂಡದು. ೨೦೨೬ರ ಫೆಬ್ರವರಿ ೧ರ ಕೇಂದ್ರ ಆಯವ್ಯಯ ಪತ್ರದಲ್ಲಿ ಸ್ವಂತ ಉಪಯೋಗದ ಸರಕಿನ ಸುಂಕವನ್ನು ಶೇಕಡ ೨೦ರಿಂದ ೧೦ಕ್ಕೆ ಇಳಿಸುವ ಸೂಚನೆ ಬಂದಿತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಸುಂಕ ಎಷ್ಟೆಂಬುದೇ ತಿಳಿಯದವನಿಗೆ ಅದು ಇಳಿಯಿತೆಂಬುದು ತಾನೇ ಹೇಗೆ ತಿಳಿಯಬೇಕು? ಇಳಿಸಿದ ಕೀರ್ತಿ ಸರ್ಕಾರಕ್ಕೆ ಸಲ್ಲಬೇಕಾದರೂ ಲೆಕ್ಕ ಬಯಲಿಗೆ ಬರಬೇಕು.

ಇಂತಹ ಕಟ್ಟುಪಾಡು ಹಾಕಿದರೆ ಪರದೇಶದ ಅಂಗಡಿಯವರು ನಮಗೆ ಮಾರುವುದನ್ನೇ ಬಿಟ್ಟಾರು ಎಂದು ಕೆಲವರು ಹೆದರಿಸುತ್ತಾರೆ. ಸಣ್ಣವರು ಕೆಲವರು ಬಿಡಬಹುದು. ಅವರಿಗೆ ಆಸ್ಟ್ರೇಲಿಯದಂತೆ ರಿಯಾಯಿತಿಯ ಮಿತಿಯೊಂದನ್ನು ಇಡಬಹುದು. ದೊಡ್ಡವರು ನಮ್ಮಷ್ಟು ದೊಡ್ಡ ಪೇಟೆಯನ್ನು ಲೆಕ್ಕ ಬರೆಯುವ ಬೇಸರಕ್ಕಾಗಿ ಬಿಡುವವರಲ್ಲ. ಸುಂಕ ಸಲ್ಲಿಸಿ ತಲುಪಿಸುವುದು, ಸಲ್ಲಿಸದೆ ತಲುಪಿಸುವುದು ಎಂಬ ಭೇದ ವ್ಯಾಪಾರಸ್ಥರಿಗೆ ಅಪರಿಚಿತವೂ ಅಲ್ಲ. ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯು ಸರಕು ತಲುಪಿಸುವ ಕರಾರುಗಳ ಪರಿಭಾಷೆಯನ್ನು ೧೯೩೬ರಲ್ಲಿಯೇ ಪ್ರಕಟಿಸಿತು. ದೊಡ್ಡ ವರ್ತಕರು ತಮ್ಮತಮ್ಮಲ್ಲಿ ಕರಾರು ಮಾಡಿಕೊಳ್ಳುವಾಗ ಈ ಮಾತನ್ನು ಮೊದಲೇ ಬರೆದುಕೊಳ್ಳುತ್ತಾರೆ. ಒಂದು ಲೇಖನಿಯನ್ನು ಕೊಳ್ಳುವ ಉಪಾಧ್ಯಾಯನಿಗೆ ಮಾತ್ರ ಅದನ್ನು ಹೇಳುವುದು ಬೇಡವೆಂಬುದು ಯಾವ ನ್ಯಾಯ?

ಸರ್ಕಾರ ಎಚ್ಚರಗೊಳ್ಳುವವರೆಗೆ ವಾಚಕರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪರದೇಶದಿಂದ ತರಿಸುವ ಮೊದಲು, ತೋರಿಸಿದ ಬೆಲೆ ಸುಂಕ ಸೇರಿದುದೋ ಅಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿರಿ. ಸಾಗಣೆಯನ್ನೂ ಕೂಡಿಸಿ, ನಾವು ಮೇಲೆ ತೋರಿಸಿದ ಕ್ರಮದಲ್ಲಿ ಲೆಕ್ಕಹಾಕಿರಿ. ಸುಂಕದ ಮೊತ್ತ ನೂರು ರೂಪಾಯಿಗೆ ಮೀರದಿದ್ದರೆ ಅದನ್ನು ವಸೂಲುಮಾಡಕೂಡದೆಂದು ಕಾಯಿದೆಯಲ್ಲಿಯೇ ಇದೆಯೆಂಬುದನ್ನು ನೆನಪಿಡಿರಿ. ಬಂದ ಮೊತ್ತವನ್ನು ನಿಮ್ಮೂರಿನ ಅಂಗಡಿಯ ಬೆಲೆಯೊಡನೆ ಹೋಲಿಸಿ ನೋಡಿರಿ. ಅನೇಕ ವೇಳೆ ನಮ್ಮವನೇ ಅಗ್ಗವೆಂದು ಕಂಡೀತು. ತೆತ್ತ ಹಣಕ್ಕೆಲ್ಲ ರಸೀತಿ ಪಡೆಯಿರಿ. ಬಚ್ಚಿಟ್ಟ ಶುಲ್ಕ ಬಯಲಾದರೆ ೧೯೧೫ ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿರಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ವಾಸವಾಗಿರುವ ಊರಿನ ಜಿಲ್ಲಾ ಆಯೋಗದಲ್ಲಿಯೇ ವ್ಯಾಜ್ಯ ಹೂಡುವ ಹಕ್ಕು ನಿಮಗಿದೆ. ಒಬ್ಬರ ದೂರನ್ನು ಅಧಿಕಾರಿಗಳು ಮೂಲೆಗೆ ಸರಿಸಬಹುದು. ಊರೂರಿನಿಂದ ಬಂದ ದೂರುಗಳನ್ನು ಸರಿಸುವುದು ಸುಲಭವಲ್ಲ.

ಸುಂಕದವನು ಸುಖದುಃಖ ಕೇಳಬೇಕೆಂದು ನಾವು ಬಯಸುವುದಿಲ್ಲ. ಅದು ಅವನ ಕೆಲಸವೂ ಅಲ್ಲ. ಆತನ ಲೆಕ್ಕ ಕೊಳ್ಳುವವನಿಗೆ ಹಣ ಎಣಿಸುವ ಮೊದಲು ತಿಳಿಯಬೇಕು, ಅಷ್ಟೇ. ಈ ಸಣ್ಣ ಸುಧಾರಣೆಯಿಂದ ಬೊಕ್ಕಸಕ್ಕೆ ಕಾಸಿನ ನಷ್ಟವಿಲ್ಲ. ಪ್ರಾಮಾಣಿಕ ವರ್ತಕನ ಮಾನ ಉಳಿಯುತ್ತದೆ. ತೆರಿಗೆ ತೆರುವ ಪ್ರಜೆಗೆ ತಾನು ತೆತ್ತುದು ತೆರಿಗೆಯೆಂಬ ಸಮಾಧಾನ ದೊರೆಯುತ್ತದೆ. ಕೇಂದ್ರದ ಹಣಕಾಸು ಮತ್ತು ಗ್ರಾಹಕ ವ್ಯವಹಾರಗಳ ಸಚಿವಾಲಯಗಳು ಈ ವಿಷಯವನ್ನು ಒಂದರ ಮೇಲೊಂದು ಹಾಕದೆ ಕೂಡಿ ಕುಳಿತು ಇತ್ಯರ್ಥಮಾಡುವುವೆಂದು ನಾವು ಆಶಿಸುತ್ತೇವೆ.